ಆಟಗಾರರು ಪದೇ ಪದೇ ಹೊರಗೆ ಬರುವುದೇಕೆ?

ಜೂನಿಯರ್ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಟಗಾರರು ನಿಮಿಷಕ್ಕೊಮ್ಮೆ ಅಂಕಣದ ಸುತ್ತಲಿನ ಹಲಗೆ ಗೋಡೆ ಹಾರಿ ಹೊರಬರುವುದೇಕೆ, ಗದಗಿನ ಮೈದಾನಗಳಲ್ಲಿ ಹಾಕಿ ನೋಡಿ ಬೆಳೆದ ತಂದೆಗೆ ಹೇಗೆ ವಿವರಿಸಲಿ ಎಂದು ಕೇಳಿದ್ದೀರಿ.

ಅದು ಶಿಕ್ಷೆಯಲ್ಲ, ದಣಿವು. ಮಂಜುಗಡ್ಡೆಯ ಮೇಲೆ ಒಂದು ತಂಡಕ್ಕೆ ಗೋಲ್‌ಕೀಪರ್ ಸೇರಿ ಆರೇ ಜನ. ಮುಕ್ಕಾಲು ನಿಮಿಷ ಪೂರ್ತಿ ವೇಗದಲ್ಲಿ ಜಾರಿದರೆ ಕಾಲು ಸೋಲುತ್ತದೆ. ಆಟ ನಿಲ್ಲಿಸದೆಯೇ ಬದಲಿ ಆಟಗಾರ ಇಳಿಯುತ್ತಾನೆ. ನಮ್ಮ ಹಾಕಿಯಲ್ಲೂ ಹೀಗೇ ಬದಲಾಯಿಸುತ್ತಾರೆ, ಇಷ್ಟು ಅವಸರವಿಲ್ಲ ಅಷ್ಟೆ. ಸಣ್ಣ ತಪ್ಪು ಮಾಡಿದವನು ಎರಡು ನಿಮಿಷ ಪಕ್ಕದ ಕಟಕಟೆಯಲ್ಲಿ ಕೂರುವುದು ಬೇರೆ ವಿಷಯ. ಗೋಲಿನ ಹಿಂದೆಯೂ ಆಟ ಮುಂದುವರಿಯುವುದನ್ನು ಕಂಡು ತಂದೆಯವರು ಬೈದರೆ ಬೈಯಲಿ. ಮೊದಲ ಸಲ ನನಗೂ ಅದು ಮೋಸವೆನಿಸಿತ್ತು.

ಪಂದ್ಯಾವಳಿ ಸಾಮಾನ್ಯವಾಗಿ ಡಿಸೆಂಬರ್ 26ಕ್ಕೆ ಶುರು. ಟೊರೊಂಟೊ ಸಮಯ ಸಂಜೆ 7.30 ಎಂದಿದ್ದರೆ ನಮಗೆ ಮರುದಿನ ಬೆಳಿಗ್ಗೆ 6. ಚಹಾ ಬೇಗ ಇಡಿ.