ಅಡಿಗಲ್ಲು ಇಲ್ಲದೆ ಕುಲುಮೆ ಶುರು ಮಾಡೋದು

ಅಡಿಗಲ್ಲು (ಕಾದ ಕಬ್ಬಿಣ ಇಟ್ಟು ಬಡಿಯುವ ಕಬ್ಬಿಣದ ದಿಮ್ಮಿ) ಇಲ್ಲ, ಹಳೇ ಹೇರ್ ಡ್ರೈಯರ್ ಒಂದಿದೆ, ಜೀಪಿನ ಲೀಫ್ ಸ್ಪ್ರಿಂಗ್ ಪಟ್ಟಿಯಿಂದ ತೋಟಕ್ಕೆ ಕತ್ತಿ ಮಾಡಬಹುದಾ ಅಂತ ಕೇಳಿದ್ದೀರಲ್ವಾ? ಮಾಡಬಹುದು ಸರ್. ಆದರೆ ಕತ್ತಿ ಆಮೇಲೆ. ಮೊದಲು ಮೆತ್ತನೆ ಕಬ್ಬಿಣದ ಸರಳಿನಲ್ಲಿ ನಾಲ್ಕು ಕೊಕ್ಕೆ ಮಾಡಿ, ಕೈ ಪಳಗಲಿ.

ಅಡಿಗಲ್ಲಿಗೆ ರೈಲು ಕಂಬಿಯ ತುಂಡು ಒಳ್ಳೆಯದು. ನಿಮ್ಮ ಕೊಡಗಲ್ಲಿ ರೈಲೇ ಇಲ್ಲ, ಮೈಸೂರಿನ ಗುಜರಿಯಲ್ಲಿ ವಿಚಾರಿಸಿ. ಸಿಕ್ಕಿದರೆ ಮಲಗಿಸಬೇಡಿ, ಮರದ ದಿಮ್ಮಿಯಲ್ಲಿ ನೆಟ್ಟಗೆ ನಿಲ್ಲಿಸಿ, ಆಗ ಪೆಟ್ಟಿನ ಕೆಳಗೆ ಪೂರ್ತಿ ತೂಕ ಇರುತ್ತದೆ. ಹಳೇ ಬ್ರೇಕ್ ಡ್ರಮ್ಮೇ ಒಲೆ, ತಳಕ್ಕೆ ಗಾಳಿಯ ಪೈಪ್, ತೆಂಗಿನ ಚಿಪ್ಪಿನ ಇದ್ದಿಲು ಸಾಕು. ಡ್ರೈಯರ್ ಗಾಳಿ ಜಾಸ್ತಿಯಾಗುತ್ತದೆ, ಪೈಪಿಗೆ ಸ್ವಲ್ಪ ದೂರ ಹಿಡಿದರೆ ಸರಿಹೋಗುತ್ತದೆ. ಸತು ಬಳಿದ ನೀರಿನ ಪೈಪನ್ನು ಮಾತ್ರ ಬೆಂಕಿಯ ಹತ್ತಿರ ತರಬೇಡಿ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ.

ಸ್ಪ್ರಿಂಗ್ ಪಟ್ಟಿ ಕೆಂಪು ಮಾಸುವ ಮೊದಲೇ ಬಡಿತ ನಿಲ್ಲಿಸಿ ಮತ್ತೆ ಕಾಯಿಸಿ. ನಾನು ಆತುರಕ್ಕೆ ತಣ್ಣಗಾದ ಮೇಲೂ ಬಡಿದು ಮೊದಲ ಕತ್ತಿಯನ್ನು ಸೀಳಿಸಿಕೊಂಡವನು. ಹದ ಹಾಕುವಾಗ ಅಯಸ್ಕಾಂತ ಹಿಡಿದು ನೋಡಿ: ಸುಮಾರು 770 ಡಿಗ್ರಿಗೆ ಅಂಟುವುದು ನಿಲ್ಲುತ್ತದೆ, ಇನ್ನೊಂಚೂರು ಕಾಯಿಸಿ ಬಿಸಿ ಎಣ್ಣೆಗೆ ಅದ್ದಿ. ನೀರಿಗೆ ಬೇಡ, ಬಿರುಕು ಬಿಡುತ್ತದೆ. ಆಮೇಲೆ ಉಜ್ಜಿ ಹೊಳಪು ಮಾಡಿ, ಒಲೆಯ ಮೇಲೆ ನಿಧಾನಕ್ಕೆ ಕಾಯಿಸಿ. ಕತ್ತಿಯ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ, ಅದು ದಾಟಿ ಕಂದು ಬಂದಾಗ ತೆಗೆಯಿರಿ. ಇಲ್ಲದಿದ್ದರೆ ಸಿಲ್ವರ್ ಓಕ್ ಕೊಂಬೆಗೆ ಮೊದಲ ಏಟಿಗೇ ಬಾಯಿ ಮುರಿಯುತ್ತದೆ.