ಹತ್ತಿದ ಗೇರಿನಲ್ಲೇ ಇಳೀರಿ

(ಗಾಡಿ, ದಾರಿ, ರಿಪೇರಿ: ಓದುಗರ ಪ್ರಶ್ನೆಗಳಿಗೆ ತಾಳವಾಡಿಯ ಮೆಕ್ಯಾನಿಕ್ ಒಬ್ಬರ ಉತ್ತರ)

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು, ಮೂರು ಬೈಕು. ಬೆಳಗ್ಗೆ ಹೊರಟು, ಹಾಸನೂರು ಮೇಲೆ ದಿಂಬಂ ಘಾಟಿ ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು ಸಂಜೆಯೊಳಗೆ ವಾಪಸ್ ಬರೋಣ ಅಂತಿದ್ದೇವೆ. ಹೋದ ಸಲ ಬೇರೊಂದು ಘಾಟಿ ಇಳಿಯುವಾಗ ಒಂದು ಬೈಕಿನಿಂದ ಸುಟ್ಟ ವಾಸನೆ ಬಂತು, ಬ್ರೇಕ್ ಹಿಡಿಯಲೇ ಇಲ್ಲ. ಅರ್ಧ ಗಂಟೆ ನಿಲ್ಲಿಸಿದ ಮೇಲೆ ತಾನಾಗಿಯೇ ಸರಿಹೋಯಿತು. ಗ್ಯಾರೇಜಿನಲ್ಲಿ ತೋರಿಸಿದರೆ ‘ಏನೂ ತೊಂದರೆ ಇಲ್ಲ’ ಅಂದರು. ಹಾಗಾದರೆ ಏನಾಗಿತ್ತು?
– ಚಾಮರಾಜನಗರದ ಓದುಗರು

ಉತ್ತರ: ‘ಏನೂ ತೊಂದರೆ ಇಲ್ಲ’ ಅಂತ ಹೇಳಿ ಗಾಡಿ ಕಳಿಸಿದವರಲ್ಲಿ ನಾನೂ ಒಬ್ಬ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಡಿಸೆಂಬರ್ ಭಾನುವಾರ. ನಾನು, ನನ್ನ ಬಾಮೈದ, ಟೊಮೆಟೊ ವ್ಯಾಪಾರದ ಗೆಳೆಯ, ಆಮೇಲೆ ನಮ್ಮೂರಿನ ಮೇಷ್ಟ್ರು. ನಾಲ್ಕು ಜನ, ನಾಲ್ಕು ಗಾಡಿ. ಮೇಷ್ಟ್ರ ಗಾಡಿಯನ್ನು ಎರಡು ದಿನ ಮುಂಚೆ ನಾನೇ ಸರ್ವಿಸ್ ಮಾಡಿದ್ದೆ. ಎಂಜಿನ್ ಆಯಿಲ್ ಬದಲಿಸಿದೆ, ಚೈನ್ ಬಿಗಿ ಮಾಡಿದೆ. ಮುಂದಿನ ಡಿಸ್ಕ್ ಬ್ರೇಕಿನ ಡಬ್ಬಿಯ ಕಿಂಡಿಯಲ್ಲಿ ಆಯಿಲ್ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಕಂಡಿತ್ತು. ‘ಮುಂದಿನ ಸಲ ನೋಡೋಣ’ ಅಂದುಕೊಂಡೆ. ಊರೊಳಗೆ ಓಡಿಸಿ ನೋಡಿದೆ, ಬ್ರೇಕ್ ಚೆನ್ನಾಗಿಯೇ ಹಿಡಿಯಿತು.

ಹಾಸನೂರಿನಲ್ಲಿ ಟೀ ಕುಡಿದೆವು. ದಿಂಬಂ ಮುಟ್ಟಿದಾಗ ಮಂಜು. ಹತ್ತು ಮಾರು ಮುಂದೆ ಏನೂ ಕಾಣದು. ಅಲ್ಲಿಂದ ಕೆಳಗೆ 27 ಹೇರ್‌ಪಿನ್ ತಿರುವು. ಮೂರ್ನಾಲ್ಕು ತಿರುವು ಇಳಿದ ಮೇಲೆ ಮಂಜು ಸರಿದು ಕೆಳಗಿನ ಬಯಲು ಕಾಣಿಸಿತು. ಬಾಮೈದನಿಗೆ ಅಲ್ಲೇ ನಿಂತು ಫೋಟೊ ತೆಗೆಯಬೇಕು. ಲಾರಿ ತಿರುಗುವ ಜಾಗದಲ್ಲಿ ನಿಲ್ಲಬೇಡ ಅಂತ ಬೈದು ಮುಂದೆ ಸಾಗಿಸಿದೆ.

ಮೇಷ್ಟ್ರು ಲೆಕ್ಕದ ಮನುಷ್ಯ. ಇಳಿಜಾರು ಬಂತೆಂದರೆ ನ್ಯೂಟ್ರಲ್, ಪೆಟ್ರೋಲ್ ಉಳಿಯುತ್ತದೆ ಅಂತ. ಅವತ್ತು ಎಂಜಿನ್ನೂ ಆಫ್ ಮಾಡಿದ್ದರು. ಹಿಂದಿದ್ದ ನನಗೆ ಅವರ ಬ್ರೇಕ್ ದೀಪ ಆರಿದ್ದೇ ಕಾಣಲಿಲ್ಲ. ಒಂದು ತಿರುವಿನಲ್ಲಿ ಕೆಳಗಿನಿಂದ ಬಸ್ ಬಂತು. ಅಲ್ಲಿ ಬಸ್ ತಿರುಗಬೇಕಾದರೆ ರಸ್ತೆ ಪೂರ್ತಿ ಬೇಕು. ಮೇಷ್ಟ್ರು ಲಿವರ್ ಹಿಡಿದರು. ಅದು ಸ್ಪಂಜಿನ ಹಾಗೆ ಮೆತ್ತಗೆ ಹೋಗಿ ಹ್ಯಾಂಡಲಿಗೆ ತಾಗಿತು. ಹಿಂದಿನ ಬ್ರೇಕ್ ಒತ್ತಿದರು, ಟೈರ್ ಎಳೆಯಿತು, ಗಾಡಿ ತಡೆಗೋಡೆಗೆ ಒರಗಿ ನಿಂತಿತು. ಫುಟ್‌ರೆಸ್ಟ್ ಬಗ್ಗಿತು, ಮೊಣಕಾಲು ತರಚಿತು, ಅಷ್ಟೇ. ಬಸ್ ಡ್ರೈವರ್ ಕಿಟಕಿಯಿಂದ ಬಗ್ಗಿ ನೋಡಿದ. ಸದ್ದಿಲ್ಲದೆ ಬಂದ ಗಾಡಿ ಅಲ್ವಾ, ಅವನಿಗೆ ಗೊತ್ತಾಗದೆ ಇರುತ್ತದೆಯೇ? ‘ಗೇರ್‌ಲ ವಾಂಗ ಸಾರ್’ (ಗೇರಿನಲ್ಲಿ ಬನ್ನಿ ಸಾರ್) ಅಂದು ಹತ್ತಿಸಿಕೊಂಡು ಹೋದ.

ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿತ್ತು. ಗೆಳೆಯ ಬಾಟಲಿ ನೀರು ಸುರಿಯಲು ಹೊರಟ. ತಡೆದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟ ಆಗಬಹುದು. ಗಾಡಿಯನ್ನು ಅಗಲದ ಜಾಗಕ್ಕೆ ತಳ್ಳಿ ಅರ್ಧ ಗಂಟೆ ಸುಮ್ನೆ ಕೂತೆವು. ಆಮೇಲೆ ಲಿವರ್ ಹಿಡಿದರೆ, ಗಟ್ಟಿ! ನಿಮ್ಮ ಗಾಡಿಯ ಕಥೆಯೂ ಇದೇ.

ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಪಸೆ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿ ಹಳತಾದರೆ ಆ ಅಳತೆ 155ಕ್ಕೆ ಇಳಿಯುತ್ತದೆ. ಘಾಟಿ ಪೂರ್ತಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಆ ಬಿಸಿ ಒಳಗಿನ ಆಯಿಲ್‌ಗೂ ಮುಟ್ಟಿ, ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಆಯಿಲನ್ನು ಅದುಮಿದರೆ ಬಲ ಮುಂದಕ್ಕೆ ಹೋಗುತ್ತದೆ, ಗುಳ್ಳೆಯನ್ನು ಅದುಮಿದರೆ ಗುಳ್ಳೆ ಕುಗ್ಗುತ್ತದೆ, ಅಷ್ಟೇ. ತಣ್ಣಗಾದರೆ ಗುಳ್ಳೆ ಮಾಯ. ಗ್ಯಾರೇಜಿಗೆ ತಣ್ಣಗಿನ ಗಾಡಿ ತಂದರೆ ಯಾವ ಮೆಕ್ಯಾನಿಕ್ಕಿಗೂ ಏನೂ ಕಾಣದು. ಸುಟ್ಟ ವಾಸನೆ ಡಿಸ್ಕನ್ನು ಹಿಡಿಯುವ ಪ್ಯಾಡ್ ಅಥವಾ ಡ್ರಮ್ಮಿನೊಳಗಿನ ಶೂವಿನದು. ಅವು ವಿಪರೀತ ಕಾದರೂ ಹಿಡಿತ ಕಳೆದುಕೊಳ್ಳುತ್ತವೆ. ಡ್ರಮ್ ಬ್ರೇಕಿಗೆ ಆಯಿಲ್ ಇಲ್ಲ, ಆದರೆ ಈ ತೊಂದರೆ ಇದೆ.

ಹೊರಡುವ ಮುಂಚೆ ಆಯಿಲ್ ಬದಲಿಸಿ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತದೆ, ಅದೇ ಹಾಕಿಸಿ. ಅರ್ಧ ಉಳಿದ ಹಳೆ ಬಾಟಲಿ ಬೇಡ, ಅದೂ ನೀರು ಕುಡಿದಿರುತ್ತದೆ.

ಆದರೆ ಬರೀ ಆಯಿಲ್‌ನಿಂದ ಘಾಟಿ ಇಳಿಯಲಾಗದು. ನಮ್ಮ ಕಡೆಯ ಹಳೆ ಡ್ರೈವರುಗಳು ಹೇಳುವುದು ಒಂದೇ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ದಿಂಬಂನಲ್ಲಿ ಜಾಸ್ತಿ ಬೈಕುಗಳಿಗೆ ಅದು ಸೆಕೆಂಡ್. ಆಕ್ಸಿಲೇಟರ್ ಬಿಟ್ಟು, ಕ್ಲಚ್ ಮುಟ್ಟದೆ ಇರಿ. ಎಂಜಿನ್ನೇ ಗಾಡಿ ಹಿಡಿದುಕೊಳ್ಳುತ್ತದೆ. ಬ್ರೇಕನ್ನು ತಿರುವಿಗೆ ಮುಂಚೆ ಹಿಡಿದು ಬಿಡಿ, ಸವರುತ್ತಾ ಇರಬೇಡಿ. ಇನ್ನು ಪೆಟ್ರೋಲ್ ಲೆಕ್ಕ. 2020ರ ಏಪ್ರಿಲ್ ಆದ ಮೇಲೆ ಬಂದ ಬಿಎಸ್ 6 (ಹೊಸ ಹೊಗೆ ನಿಯಮದ) ಬೈಕುಗಳಲ್ಲಿ ಸಾಮಾನ್ಯವಾಗಿ ಕಾರ್ಬುರೇಟರ್ ಇಲ್ಲ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್. ಗೇರಿನಲ್ಲಿ ಆಕ್ಸಿಲೇಟರ್ ಬಿಟ್ಟು ಇಳಿಯುವಾಗ ಹೆಚ್ಚಿನವು ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಪೆಟ್ರೋಲ್ ಬೇಕೇ ಬೇಕು. ಮೇಷ್ಟ್ರಿಗೆ ಇದನ್ನು ಹೇಳಿದಾಗ ಮೊಣಕಾಲು ಉಜ್ಜಿಕೊಂಡು ನಕ್ಕರು. ಅವರದು ಹಳೆ ಗಾಡಿ ಅನ್ನಿ.

ಮೇಲೆ ಹತ್ತುವ ಗಾಡಿಗೆ ದಾರಿ ಬಿಡಿ. ಉದ್ದ ಲಾರಿ ತಿರುವಿಗೆ ಬಂದರೆ ತಿರುವಿನ ಒಳಗೆ ನುಗ್ಗಬೇಡಿ, ಎರಡು ಗಾಡಿಯಷ್ಟು ಹಿಂದೆಯೇ ನಿಂತುಬಿಡಿ. ನಿಮ್ಮಲ್ಲಿ ಘಾಟಿಗೆ ಹೊಸಬರು ಯಾರೋ ಅವರು ಎರಡನೆಯವರಾಗಿ ಬರಲಿ, ನುರಿತವರು ಕೊನೆಗೆ. ಹೊಸಬರನ್ನು ಕೊನೆಗೆ ಬಿಟ್ಟರೆ, ಮುಂದಿನವರು ಕಾಣಲಿಲ್ಲ ಅಂತ ಓಡಿಸುತ್ತಾರೆ.

ಪ್ರಶ್ನೆ: ಆ ದಾರಿಯಲ್ಲಿ ಆನೆ ಸಿಗುತ್ತವಂತೆ. ಬೈಕಿನಲ್ಲಿ ಹೋಗಬಹುದೇ?
– ನಂಜನಗೂಡಿನ ಓದುಗರು

ಉತ್ತರ: ಸಿಗುತ್ತವೆ. ಅದು 2013ರಿಂದ ಹುಲಿ ಸಂರಕ್ಷಿತ ಪ್ರದೇಶ, ದಾರಿ ಅವುಗಳದ್ದು. ಪುಣಜನೂರು ದಾಟಿ ಹಾಸನೂರಿಗೆ ಬರುವ ದಾರಿಯಲ್ಲಿ, ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ, ಕಬ್ಬಿನ ಲಾರಿಗೆ ಕಾಯುವ ಆನೆಗಳಿವೆ. ಹಿಂದೆ ಡ್ರೈವರುಗಳು ಜಲ್ಲೆ ಎಸೆದು ಎಸೆದು ಕಲಿಸಿದ ಅಭ್ಯಾಸ ಅದು. ನಿಮ್ಮ ಚೀಲದಲ್ಲಿ ಬಾಳೆಹಣ್ಣು ಬೇಡ. ಆನೆ ಕಂಡರೆ ದೂರದಲ್ಲೇ ನಿಲ್ಲಿ, ಎಂಜಿನ್ ಆರಿಸಬೇಡಿ, ಹಾರನ್ ಹೊಡೆಯಬೇಡಿ. ಲಾರಿಯೋ ಬಸ್ಸೋ ಬರುವ ತನಕ ಕಾದು ಅದರ ಹಿಂದೆ ಹೋಗಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ಓಡಾಟಕ್ಕೆ ನಿರ್ಬಂಧ ಇದೆ. ಬೈಕಿನವರು ಗೇಟಿನ ಸಮಯ ನೋಡುವುದೇ ಬೇಡ, ಬೆಳಕು ಇರುವಾಗಲೇ ಕಾಡು ದಾಟಿ.

ಪ್ರಶ್ನೆ: ನನಗೆ ತಮಿಳು ಬರಲ್ಲ. ಗಾಡಿ ಕೆಟ್ಟರೆ ಏನು ಮಾಡಲಿ?
– ಮೈಸೂರಿನ ಓದುಗರು

ಉತ್ತರ: ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದು ನಿಜ. ಆದರೆ ಇಲ್ಲಿ ಸಂತೆಯಲ್ಲಿ ಚೌಕಾಸಿ ಕನ್ನಡದಲ್ಲೇ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. ಬಣ್ಣಾರಿ ಕಡೆಗೆ ಇಳಿದ ಮೇಲೆ ಮಾತ್ರ ತಮಿಳು ಜಾಸ್ತಿ. ಅಲ್ಲೂ ಕ್ಲಚ್, ಬ್ರೇಕ್, ಪಂಕ್ಚರ್ ಅಂದರೆ ಯಾರಿಗೆ ಗೊತ್ತಾಗಲ್ಲ? ತಾಳವಾಡಿಯ ಹತ್ತಿರ ಕೆಟ್ಟರೆ ನನ್ನ ಅಂಗಡಿಗೆ ತಳ್ಳಿಕೊಂಡು ಬನ್ನಿ. ಬ್ರೇಕ್ ಆಯಿಲ್ ಹೊಸ ಬಾಟಲಿ ಇಟ್ಟಿರುತ್ತೇನೆ. ಭಾನುವಾರ ಮಾತ್ರ ಬರಬೇಡಿ, ಮೇಷ್ಟ್ರ ಜೊತೆ ಹೊರಟಿರುತ್ತೇನೆ.