1982ರಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ ಸಮೋವಾ ಮನೆಗಳವರು ಒಬ್ಬರೂ ಇರಲಿಲ್ಲ

"ಸಂಪಾದಕರೇ, ಕಳೆದ ಸಂಚಿಕೆಯ ನ್ಯೂಜಿಲೆಂಡ್ ಲೇಖನದಲ್ಲಿ ಮಾಜಿ ಸಚಿವರೊಬ್ಬರನ್ನು ಮೂರು ಸಲ 'ಸಮೋವಾ ಮೂಲದವರು' ಎಂದು ಬರೆದಿದ್ದೀರಿ. ಕೆಲಸ ನೋಡಿದರೆ ಸಾಲದೇ? ನದಿಮೂಲ, ಋಷಿಮೂಲ ಕೇಳಬಾರದು ಅಂತ ಹಿರಿಯರು ಹೇಳಿಲ್ವಾ? ಅವರ ಹೆಸರಿನ ಮುಂದೆ 'ಔಪಿತೊ' ಯಾಕಿದೆ ಅನ್ನೋದೂ ತಿಳಿಯಲಿಲ್ಲ."
– ನಿವೃತ್ತ ಶಿಕ್ಷಕರು, ಶಿರಸಿ

ಮೇಷ್ಟ್ರೇ,

ನೀಲಿ ಶಾಯಿಯಲ್ಲಿ ದುಂಡಗೆ ಬರೆದ ನಿಮ್ಮ ಪತ್ರ ಹತ್ತು ದಿನದಿಂದ ನನ್ನ ಮೇಜಿನ ಮೇಲಿದೆ. ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಮೂಲ ಒಳ್ಳೆಯದಾದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ, ಒಪ್ಪಿದೆ. ನ್ಯೂಜಿಲೆಂಡ್ ಸಂಸತ್ತಿಗೆ ಪೆಸಿಫಿಕ್ ದ್ವೀಪಗಳ ಮೂಲದಿಂದ ಮೊದಲು ಆರಿಸಿ ಬಂದವರು ಸಮೋವಾದಲ್ಲಿ ಹುಟ್ಟಿದ ಟೈಟೊ ಫಿಲಿಪ್ ಫೀಲ್ಡ್. ಅದು 1993. ವಲಸೆ ಕಾಗದಪತ್ರದ ಸಹಾಯಕ್ಕೆ ಪ್ರತಿಯಾಗಿ ಥಾಯ್ ಕೆಲಸಗಾರರಿಂದ ತಮ್ಮ ಮನೆಗಳ ಕೆಲಸ ಮಾಡಿಸಿಕೊಂಡರು. 2009ರಲ್ಲಿ ಆರು ವರ್ಷ ಜೈಲು ಶಿಕ್ಷೆಯಾಯಿತು.

ಆದರೆ 1993 ಅನ್ನುವ ಆ ಇಸವಿಯನ್ನು ಇನ್ನೊಮ್ಮೆ ನೋಡಿ. ಅದಕ್ಕೆ ಹನ್ನೊಂದು ವರ್ಷ ಹಿಂದೆ ಏನಾಯಿತು ಗೊತ್ತಾ?

ವೀಸಾ ಮುಗಿದರೂ ಉಳಿದರೆಂದು ಕೇಸು ಬಿದ್ದ ಸಮೋವಾದ ಹೆಣ್ಣುಮಗಳೊಬ್ಬಳು ಆಗ ನ್ಯೂಜಿಲೆಂಡಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋದಳು. ಸಮೋವಾ ಹಿಂದೆ ನ್ಯೂಜಿಲೆಂಡಿನ ಆಳ್ವಿಕೆಯಲ್ಲಿತ್ತಲ್ಲ, ಅಲ್ಲಿ 1924ರಿಂದ 1948ರವರೆಗೆ ಹುಟ್ಟಿದವರು ನ್ಯೂಜಿಲೆಂಡ್ ಪ್ರಜೆಗಳೇ ಎಂದು 1982ರ ಜುಲೈನಲ್ಲಿ ತೀರ್ಪು ಬಂತು. ಎರಡು ತಿಂಗಳೊಳಗೆ ಪ್ರಧಾನಿ ಮಲ್ಡೂನ್ ಅವರ ಸರ್ಕಾರ ಹೊಸ ಕಾನೂನು ತಂದು ಆ ಹಕ್ಕನ್ನು ಕಿತ್ತುಕೊಂಡಿತು. ಆ ಸಭೆಯಲ್ಲಿ ಎದ್ದು ನಿಂತು "ಇದು ನನ್ನ ಅಮ್ಮನ ವಿಷಯ" ಅನ್ನುವವರು ಒಬ್ಬರೂ ಇರಲಿಲ್ಲ. ನಲವತ್ತೆರಡು ವರ್ಷವಾದ ಮೇಲೆ, 2024ರಲ್ಲಿ, ಬದುಕಿ ಉಳಿದ ಆ ಮುದುಕ ಮುದುಕಿಯರಿಗೆ ಪೌರತ್ವ ಕೇಳುವ ದಾರಿ ಮತ್ತೆ ತೆರೆಯಿತು. ಆ ಮಸೂದೆ ತಂದ ಸಂಸದ ಟಿಯಾನೌ ಟುಯೊನೊ ಸಮೋವಾದವರಲ್ಲ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಮತ್ತು ಕುಕ್ ದ್ವೀಪದ ಬೇರಿನವರು. ಹಾಗಾಗಿ ರಕ್ತವೇ ಎಲ್ಲ ಅಂತ ನಾನೂ ಹೇಳುವುದಿಲ್ಲ. ಪೆಟ್ಟು ತಿಂದ ಮನೆಗಳ ಹತ್ತಿರದವರು ಒಳಗೆ ಇರಬೇಕು, ಅಷ್ಟೇ.

ನೀವು ಕೇಳಿದ ಸಚಿವರು ಔಪಿತೊ ವಿಲಿಯಂ ಸಿಯೊ. 1969ರಲ್ಲಿ ಅಪ್ಪ ಅಮ್ಮನ ಜೊತೆ ಸಮೋವಾದಿಂದ ಬಂದ ಹುಡುಗ. 1970ರ ದಶಕದಲ್ಲಿ ಅಲ್ಲಿ ಪೊಲೀಸರು ನಸುಕಿನಲ್ಲಿ ಮನೆಗಳಿಗೆ ನುಗ್ಗಿ, ವೀಸಾ ಮುಗಿದವರನ್ನು ಹುಡುಕುತ್ತಿದ್ದರು. ಇವರ ಮನೆ ಬಾಗಿಲೂ ಬಡಿದರು. ಮುಖಕ್ಕೆ ಟಾರ್ಚ್ ಬೆಳಕು, ಬಾಯಲ್ಲಿ ನೊರೆ ಸುರಿಸುವ ನಾಯಿ. ಕಷ್ಟಪಟ್ಟು ಕೊಂಡ ಸ್ವಂತ ಮನೆಯಲ್ಲೇ ಅಪ್ಪ ಏನೂ ಮಾಡಲಾಗದೆ ನಿಂತಿದ್ದರು. ಇದನ್ನು ಅವರು ಹೇಳಿದ್ದು 2021ರ ಜೂನ್‌ನಲ್ಲಿ, ಸಚಿವರಾಗಿ, ಪತ್ರಿಕಾಗೋಷ್ಠಿಯಲ್ಲಿ, ಗಂಟಲು ಕಟ್ಟಿಕೊಂಡು. ವೀಸಾ ಮೀರಿದವರಲ್ಲಿ ದ್ವೀಪಗಳವರು ಮೂರನೇ ಒಂದು ಭಾಗ. ಕೇಸು ಬಿದ್ದವರಲ್ಲಿ ಮಾತ್ರ 100ಕ್ಕೆ 86 ಮಂದಿ ಅವರೇ ಎಂದು ಆ ಮೇಲಿನ ಲೆಕ್ಕ ಹೇಳಿತು. ಅಂಕಿ ಯಾವ ಸಚಿವರಾದರೂ ಓದಬಹುದಿತ್ತು. ಆ ನಾಯಿಯನ್ನು ಕಂಡಿದ್ದವರು ಇವರು.

ಅದೇ ವರ್ಷ ಆಗಸ್ಟ್ 1ರಂದು ಆಕ್ಲೆಂಡಿನ ಪುರಭವನದಲ್ಲಿ ಪ್ರಧಾನಿ ಜಸಿಂಡಾ ಆರ್ಡರ್ನ್ ಕ್ಷಮೆ ಕೇಳಿದರು. ಸಮೋವಾದಲ್ಲಿ ಇದಕ್ಕೆ 'ಇಫೋಂಗ' ಅನ್ನುತ್ತಾರೆ. ತಪ್ಪು ಮಾಡಿದವರು ನೊಂದವರ ಎದುರು ಬಂದು ತಲೆ ತಗ್ಗಿಸಿ ಕೂರಬೇಕು, ಮೈಮೇಲೆ ಚಾಪೆ ಹೊದೆಯಬೇಕು. ನೊಂದವರು ಅದನ್ನು ತೆಗೆದರೆ ಕ್ಷಮೆ ಸಿಕ್ಕಿತು ಅಂತ. ನಮ್ಮ ಕೇದಗೆಯ ಜಾತಿಯ ಗಿಡದ ಎಲೆಯನ್ನು ಎಳೆ ಎಳೆಯಾಗಿ ಸೀಳಿ ಹೆಣೆದ ಚಾಪೆ ಅದು. ಬಟ್ಟೆಯಷ್ಟು ನಯ, ಹೆಣೆಯಲು ತಿಂಗಳುಗಟ್ಟಲೆ ಬೇಕು. ಒಂದು ದೇಶದ ಪ್ರಧಾನಿ ಅದರ ಕೆಳಗೆ ಕೂತರು. ಬರಿಯ ಪತ್ರಿಕಾ ಹೇಳಿಕೆಯಿಂದ ಇದು ಆಗುತ್ತಿತ್ತಾ, ಮೇಷ್ಟ್ರೇ?

ಇನ್ನು ನಮ್ಮ ವಿಷಯ. 'ಮೂಲ ಕೇಳಬಾರದು' ಅನ್ನುವ ನಾವೇ ತುಳಸಿ ಗಬ್ಬಾರ್ಡ್ ವಿಷಯದಲ್ಲಿ ಏನು ಮಾಡಿದೆವು? 2013ರಲ್ಲಿ ಅವರು ಭಗವದ್ಗೀತೆಯ ಮೇಲೆ ಕೈಯಿಟ್ಟು ಅಮೆರಿಕದ ಕಾಂಗ್ರೆಸ್ಸಿನಲ್ಲಿ ಪ್ರಮಾಣ ಮಾಡಿದಾಗ ನಮ್ಮ ಕಚೇರಿಗೆ ಒಂದೇ ಸಮ ಫೋನು. "ನಮ್ಮ ಹುಡುಗಿ, ಮುಖಪುಟ ಮಾಡಿ ಸಾರ್." ಅವರು ಹಿಂದೂ ಹೌದು, ಭಾರತ ಮೂಲದವರಲ್ಲ. ಹುಟ್ಟಿದ್ದು ಸಮೋವಾದ ಪಕ್ಕದ, ಅಮೆರಿಕದ ಕೈಯಲ್ಲಿರುವ ಅಮೆರಿಕನ್ ಸಮೋವಾದಲ್ಲಿ. ತಂದೆ ಮೈಕ್ ಗಬ್ಬಾರ್ಡ್ ಕಡೆಯಿಂದ ಸಮೋವಾದ ರಕ್ತ. ಇದನ್ನು ಹೇಳಿದ ಕೂಡಲೇ ಎಷ್ಟೋ ಜನರ ಉತ್ಸಾಹ ಇಳಿದುಹೋಯಿತು. ಆ ದ್ವೀಪದಲ್ಲಿ ಹುಟ್ಟಿದವರಿಗೆ ಇವತ್ತಿಗೂ ಹುಟ್ಟಿನಿಂದ ಅಮೆರಿಕದ ಪೌರತ್ವ ಬರುವುದಿಲ್ಲ, ಅಲ್ಲಿದ್ದುಕೊಂಡು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಅದನ್ನು ಒಬ್ಬರಾದರೂ ಕೇಳಿದರಾ? ನನಗೆ ನೋವಾಗಿದ್ದು ಅದಕ್ಕೆ.

ನಿಮ್ಮ ಜಿಲ್ಲೆಯ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆಫ್ರಿಕಾ ಮೂಲದ ಸಿದ್ದಿ ಸಮುದಾಯದಿಂದ ಅವರೇ ಮೊದಲಿಗರು. ಆಗ ಸಿದ್ದಿ ಅನ್ನುವ ಮಾತು ಬಿಟ್ಟು ಸುದ್ದಿ ಬರೆದಿದ್ದರೆ ಅದರಲ್ಲಿ ಸುದ್ದಿ ಏನು ಉಳಿಯುತ್ತಿತ್ತು? ಕಾಡಿನಂಚಿನ ಆ ಶಾಲೆಗಳ ಮಕ್ಕಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಕೊನೆಗೆ 'ಔಪಿತೊ'. ಅದು ಇಟ್ಟ ಹೆಸರಲ್ಲ. ಸಮೋವಾದಲ್ಲಿ ದೊಡ್ಡ ಕುಟುಂಬದವರೆಲ್ಲ ಸೇರಿ, ಒಪ್ಪಿ, ಒಬ್ಬರಿಗೆ ಕೊಡುವ ಯಜಮಾನಿಕೆಯ ಪದವಿ. ಹಾಗೆ ಪಡೆದವರನ್ನು 'ಮತಾಯಿ' ಅನ್ನುತ್ತಾರೆ. 2021ರಲ್ಲಿ ಸಮೋವಾದ ಮೊದಲ ಮಹಿಳಾ ಪ್ರಧಾನಿಯಾದ ಫಿಯಾಮೆ ನವೋಮಿ ಮತಾಆಫ ಅವರ 'ಫಿಯಾಮೆ' ಕೂಡ ಇಂಥದ್ದೇ. ಮತಾಯಿ ಅಲ್ಲದವರು ಅಲ್ಲಿನ ಸಂಸತ್ತಿಗೆ ನಿಲ್ಲುವಂತೆಯೇ ಇಲ್ಲ. ಸಿಯೊ ಅವರು ಆ ಪದವಿಯನ್ನು ನ್ಯೂಜಿಲೆಂಡಿನಲ್ಲೂ ಹೆಸರಿನ ಮುಂದೆ ಇಟ್ಟುಕೊಂಡೇ ಸಚಿವರಾದರು. ಮುಂದಿನ ಸಲವೂ ನಮ್ಮಲ್ಲಿ ಪೂರ್ತಿ ಹೆಸರೇ ಅಚ್ಚಾಗುತ್ತದೆ.

– ಸಂ.